ಹಳೇ ರೀಪರ್ ಮೇಲೆಯೇ ಹೆಂಚಿನಾಕಾರದ ಶೀಟ್ ಹೊಡೆಸಬಹುದಾ?

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮದು ತೊಟ್ಟಿ ಮನೆ. ಕೋತಿ ಕಾಟಕ್ಕೆ ವರ್ಷಾ ವರ್ಷಾ ಹೆಂಚು ಒಡೆಯುತ್ತಿದೆ. ಮಂಗಳೂರು ಹೆಂಚಿನಂತೆಯೇ ಕಾಣುವ ಲೋಹದ ಶೀಟ್ ಹಾಕಿಸೋಣ ಅಂತಿದ್ದೇವೆ. ‘ಶೀಟ್ ಹಗುರ, ತೊಲೆ, ಹೆಂಚು ಕೂರುವ ರೀಪರ್ ಪಟ್ಟಿ ಯಾವುದೂ ಮುಟ್ಟೋದು ಬೇಡ’ ಅನ್ನುತ್ತಾರೆ ಕೆಲಸದವರು. ನಂಬಬಹುದಾ?

ಉತ್ತರ: ಹಗುರ ಅನ್ನುವುದು ನಿಜ, ಫಜೀತಿ ಇರುವುದೂ ಅಲ್ಲೇ. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ಶೀಟ್ 5 ಕಿಲೋ ಆಸುಪಾಸು. ಹೆಂಚು ತನ್ನ ಭಾರಕ್ಕೇ ಕೂತಿರುತ್ತದೆ. ಶೀಟ್ ನಿಲ್ಲುವುದು ಸ್ಕ್ರೂ ಹಿಡಿತದಲ್ಲಿ. ಏಪ್ರಿಲ್, ಮೇ ತಿಂಗಳ ಬಿರುಗಾಳಿ ಸೂರಿನ ಕೆಳಗೆ ನುಗ್ಗಿದರೆ ಇಡೀ ಚಾವಣಿಯನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಹಾಗಾಗಿ ಮರ ಭಾರ ಹೊರುತ್ತದೆಯೇ ಎನ್ನುವುದಕ್ಕಿಂತ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆಯೇ ಎಂದು ನೋಡಿ. ಒಂದು ಸ್ಕ್ರೂ ಹಾಕಿಸಿ ಸುತ್ತಿಗೆಯ ಹಿಂಬದಿಯಿಂದ ಕೀಳಿಸಿದರೆ ಗೊತ್ತಾಗುತ್ತದೆ. ಗೆದ್ದಲು ತಿಂದ ರೀಪರ್ ಆದರೆ ಪುಡಿ ಉದುರಿಸಿಕೊಂಡು ಸಲೀಸಾಗಿ ಬಂದುಬಿಡುತ್ತದೆ.

ಮರ ಗಟ್ಟಿಯಿದ್ದರೂ ಅಳತೆ ಕೂಡುವುದಿಲ್ಲ. ಮಂಗಳೂರು ಹೆಂಚಿನ ರೀಪರ್‌ಗಳ ನಡುವೆ ಸುಮಾರು 32 ಸೆಂಟಿಮೀಟರ್ ಅಂತರವಿರುತ್ತದೆ. ಹೆಂಚಿನ ಸಾಲಿನಂತೆ ಕಾಣಲೆಂದು ಶೀಟಿನಲ್ಲಿ ಅಡ್ಡಕ್ಕೆ ಒತ್ತಿರುವ ಮೆಟ್ಟಿಲು ಹೆಚ್ಚಾಗಿ 35 ಸೆಂಟಿಮೀಟರಿಗೊಂದು. ಹತ್ತನೇ ಸಾಲಿಗೆ ಬರುವಷ್ಟರಲ್ಲಿ ಒಂದಡಿ ಹೆಚ್ಚುಕಮ್ಮಿ. ಈ ಶೀಟಿಗೆ ಸ್ಕ್ರೂ ಬೀಳಬೇಕಾದ್ದು ಮೆಟ್ಟಿಲಿನ ಸ್ವಲ್ಪ ಕೆಳಗೆ, ತಗ್ಗಿನಲ್ಲಿ, ಶೀಟ್ ರೀಪರ್‌ಗೆ ತಾಗುವ ಜಾಗದಲ್ಲಿ. ಕೊಟ್ಟಿಗೆಗೆ ಶೀಟ್ ಹೊಡೆದು ರೂಢಿಯಾದವರು ಉಬ್ಬಿನ ಮೇಲೆ ಹೊಡೆದುಬಿಡುತ್ತಾರೆ. ಕೆಳಗೆ ಪೊಳ್ಳು, ಬಿಗಿ ಮಾಡಿದಷ್ಟೂ ಶೀಟ್ ಕುಸಿಯುತ್ತದೆ. ಆದ್ದರಿಂದ ತೊಲೆ ಗಟ್ಟಿಯಿದ್ದರೆ ಉಳಿಸಿಕೊಳ್ಳಿ, ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸಿ. ರೀಪರ್ ಮಾತ್ರ ಹೊಸದು, ನೀವು ಕೊಂಡ ಶೀಟಿನ ಅಳತೆಗೇ. ಶೀಟ್ ಬರುವ ಮೊದಲೇ ಅಂದಾಜಿನ ಮೇಲೆ ರೀಪರ್ ಹೊಡೆಸುವ ಅವಸರ ಬೇಡ.

ತೊಟ್ಟಿ ಮನೆ ಅಂದಿರಿ, ಸೋರುವುದಿದ್ದರೆ ಮೊದಲು ಸೋರುವುದು ತೊಟ್ಟಿಯ ನಾಲ್ಕು ಮೂಲೆ. ಎರಡು ಇಳಿಜಾರಿನ ನೀರು ಬಂದು ಸೇರುವ ಆ ಕಣಿವೆಗೆ ಅಗಲವಾದ ತಗಡಿನ ದೋಣಿ ಮೊದಲು ಕೂರಬೇಕು, ಶೀಟ್ ಆಮೇಲೆ ಅದರ ಮೇಲೆ ಚಾಚಬೇಕು. ಶೀಟ್ ಮುಗಿಸಿ ಕೊನೆಗೆ ಸಂದಿಗೆ ಸಿಲಿಕೋನ್ ತುಂಬುತ್ತೇವೆ ಅಂದರೆ ಒಪ್ಪಬೇಡಿ. ಚಾವಣಿಯ ನೆತ್ತಿಗೆ ಸಿಮೆಂಟ್ ಮೆತ್ತುವುದನ್ನಂತೂ ಖಂಡಿತ ನಿಲ್ಲಿಸಿ. ಹೆಂಚಿಗೆ ಅದು ಸರಿ. ಆದರೆ ಒಳ್ಳೆಯ ಶೀಟುಗಳ ಮೇಲಿನ ಲೇಪನದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಯುಮಿನಿಯಂ, ಮಿಕ್ಕಿದ್ದು ಬಹುಪಾಲು ಸತು. ಹಸಿ ಸಿಮೆಂಟಿನ ಕ್ಷಾರ ಅದನ್ನು ತಿನ್ನುತ್ತದೆ. ನೆತ್ತಿಗೆ ಅದೇ ಕಂಪನಿಯ ಮುಚ್ಚಳದ ಪಟ್ಟಿ ಸಿಗುತ್ತದೆ, ಅದನ್ನೇ ಕೊಳ್ಳಿ.

ಕತ್ತರಿಸಲು ಗ್ರೈಂಡರ್ ಬೇಡ. ಅಂಚಿನ ಲೇಪನ ಸುಡುತ್ತದೆ, ಸಿಡಿದ ಕಿಡಿ ಎಲ್ಲೆಲ್ಲಿ ಅಂಟಿತೋ ಅಲ್ಲೆಲ್ಲ ತುಕ್ಕಿನ ಚುಕ್ಕೆ. ತಗಡಿನ ಕತ್ತರಿ ಸಾಕು. ತೂತು ಕೊರೆದ ಪುಡಿಯನ್ನು ಅಂದಂದೇ ಗುಡಿಸಿಸಿ.

ಬಿಸಿಲಿನ ವಿಷಯ: ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತದೆ, ಶೀಟಿನಲ್ಲಿ ಇಲ್ಲ. ತಿಳಿ ಬಣ್ಣ ಆರಿಸಿ, ಕೆಳಗೆ ಒಂದಿಂಚು ಗಾಳಿಸಂದು ಬಿಟ್ಟು ಹೊಳೆಯುವ ಇನ್ಸುಲೇಷನ್ ಹಾಳೆ ಕಟ್ಟಿಸಿ. ಮಳೆಯ ಸದ್ದು ತಗ್ಗಬೇಕಾದರೆ ಒಳಚಾವಣಿಯೂ ಬೇಕು. ಕೋತಿ ನೆಗೆದರೆ ಶೀಟ್ ಒಡೆಯುವುದಿಲ್ಲ, ತಗ್ಗು ಬೀಳಬಹುದು. ಅಡುಗೆಮನೆಯ ಗಾಜಿನ ಹೆಂಚಿನ ಬೆಳಕು ಹೋಗುತ್ತದಲ್ಲ, ಅಲ್ಲಿಗೆ ಅದೇ ಆಕಾರದ ಪಾಲಿಕಾರ್ಬೊನೇಟ್ ಶೀಟ್ ಕೇಳಿ.

ಕೊನೆಗೆ ವಿದ್ಯುತ್ತು. ಹಳೇ ಮನೆಗಳಲ್ಲಿ ವೈರು ತೊಲೆ, ರೀಪರ್ ಮೇಲೆಯೇ ಓಡಿರುತ್ತದೆ. ಸ್ಕ್ರೂ ಅದಕ್ಕೆ ಚುಚ್ಚಿಕೊಂಡರೆ ಇಡೀ ಚಾವಣಿಗೆ ಕರೆಂಟ್. ಹೆಂಚು ಇಳಿಸಿದ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ವೈರನ್ನು ಗೋಡೆಗೆ ಸರಿಸಿ, ಚಾವಣಿಗೆ ಅರ್ಥಿಂಗ್ ಕೊಡಿಸಿ, ಆಮೇಲೆ ಮೊದಲ ಶೀಟ್ ಮೇಲೇರಲಿ.