ಮ್ಯಾನೇಜರ್‌ಗೆ ಯಾವುದು ಮೊದಲು: ತನ್ನ ಫಿಲಾಸಫಿಯೋ, ಎದುರಾಳಿಗೆ ತಕ್ಕ ತಂತ್ರವೋ?

ಫುಟ್‌ಬಾಲ್ ಕೋಚಿಂಗ್ ಓದುವ ನಮಗೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಫಿಲಾಸಫಿ ಮೊದಲು. ಎದುರಾಳಿಗೆಂದೇ ಹೆಣೆಯುವ ತಂತ್ರ ಕೂಡ ತಂಡಕ್ಕೆ ಆಗಲೇ ರೂಢಿಯಾಗಿರುವ ಆಟದಿಂದಲೇ ಹುಟ್ಟಬೇಕು. ಇಲ್ಲದಿದ್ದರೆ ಅದು ಬೋರ್ಡ್ ಮೇಲೆ ಚೆನ್ನಾಗಿ ಕಾಣುತ್ತದೆ, ಮೈದಾನದಲ್ಲಿ ನಿಲ್ಲುವುದಿಲ್ಲ.

ಇಲ್ಲಿ ಫಿಲಾಸಫಿ ಅಂದರೆ ದೊಡ್ಡ ದೊಡ್ಡ ಮಾತುಗಳಲ್ಲ. ಚೆಂಡು ಕಳೆದುಕೊಂಡ ಕೂಡಲೇ ಮೇಲೆ ಬೀಳಬೇಕೋ, ಹಿಂದೆ ಸರಿಯಬೇಕೋ? ಗೋಲ್‌ಕೀಪರ್ ಹತ್ತಿರ ಚೆಂಡಿದ್ದಾಗ ಯಾರು ಎಲ್ಲಿ ನಿಲ್ಲಬೇಕು? ಇಂಥವು ಯೋಚಿಸದೆಯೇ ಬರಬೇಕು. ಯುರೋಪಿನ ದೊಡ್ಡ ಕ್ಲಬ್ ಎಷ್ಟೋ ವಾರ ಎರಡೆರಡು ಪಂದ್ಯ ಆಡುತ್ತದೆ. ಪಂದ್ಯದ ಮಾರನೇ ದಿನ ವಿಶ್ರಾಂತಿ, ಮುಂದಿನ ಪಂದ್ಯದ ಹಿಂದಿನ ದಿನ ಹಗುರ ಅಭ್ಯಾಸ. ನಡುವೆ ಉಳಿಯುವ ಒಂದೋ ಎರಡೋ ದಿನದಲ್ಲಿ ಹನ್ನೊಂದು ಜನರಿಗೆ ಹೊಸ ಆಟ ಕಲಿಸಲು ಆಗಲ್ಲ. ಗೊತ್ತಿರುವುದರಲ್ಲೇ ಒಂದೆರಡು ಕಡೆ ತಿರುವು ಕೊಡಬಹುದು, ಅಷ್ಟೇ.

ಆ ತಿರುವು ಹೇಗಿರಬೇಕು ಅನ್ನುವುದಕ್ಕೆ 2009ರ ಮೇ 2ರ ಪಂದ್ಯ ನೋಡಿ. ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರದೇ ಮೈದಾನ ಬರ್ನಬೇವ್‌ನಲ್ಲಿ ಬಾರ್ಸಿಲೋನಾ 6-2ರಿಂದ ಸೋಲಿಸಿತು. ಮ್ಯಾಡ್ರಿಡ್‌ನ ಹಳೆಯ ಆಟದ ವಿಡಿಯೋ ನೋಡುವಾಗ ಬಾರ್ಸಿಲೋನಾ ಮ್ಯಾನೇಜರ್ ಗ್ವಾರ್ಡಿಯೋಲಾಗೆ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು. ಮ್ಯಾಡ್ರಿಡ್ ಮಿಡ್‌ಫೀಲ್ಡರ್‌ಗಳು ಮುಂದೆ ನುಗ್ಗಿ ಬರುತ್ತಾರೆ, ಸೆಂಟರ್ ಬ್ಯಾಕ್‌ಗಳು, ಅಂದರೆ ನಡುವಿನ ಡಿಫೆಂಡರ್‌ಗಳು ಮಾತ್ರ ತಮ್ಮ ಗೋಲ್ ಹತ್ತಿರವೇ ಉಳಿಯುತ್ತಾರೆ. ನಡುವೆ ದೊಡ್ಡ ಖಾಲಿ ಜಾಗ. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಬಲಬದಿಯಲ್ಲಿದ್ದ ಮೆಸ್ಸಿ ನಡುವಿಗೆ ಬಂದರು, ನಡುವಿನಲ್ಲಿದ್ದ ಎಟೋ ಬಲಕ್ಕೆ ಹೋದರು. ಮೆಸ್ಸಿ ಸ್ಟ್ರೈಕರ್ ಜಾಗದಲ್ಲೂ ನಿಲ್ಲದೆ ಆ ಖಾಲಿ ಜಾಗಕ್ಕೆ ಇಳಿದರು.

ಈಗ ಮ್ಯಾಡ್ರಿಡ್ ಸೆಂಟರ್ ಬ್ಯಾಕ್ ಕನವಾರೋ ಜಾಗದಲ್ಲಿ ನಿಂತು ಯೋಚಿಸಿ. ಮೆಸ್ಸಿಯ ಬೆನ್ನು ಹತ್ತಿ ಮುಂದೆ ಹೋದರೆ ಹಿಂದೆ ಬಿಟ್ಟ ಜಾಗಕ್ಕೆ ಆನ್ರಿ ಮತ್ತು ಎಟೋ ಓಡಿ ಬರುತ್ತಾರೆ. ಹೋಗದಿದ್ದರೆ ಮೆಸ್ಸಿ ಆರಾಮಾಗಿ ಚೆಂಡು ತೆಗೆದುಕೊಂಡು ತಿರುಗುತ್ತಾರೆ. ಜೊತೆಗಿದ್ದ ಮೆಟ್‌ಸೆಲ್ಡರ್‌ಗೂ ಅದೇ ಪೇಚಾಟ. ಬಾರ್ಸಿಲೋನಾ ಕಡೆ ಬದಲಾಗಿದ್ದು ಇಬ್ಬರ ಜಾಗ ಮಾತ್ರ. ಸಣ್ಣ ಪಾಸ್‌ಗಳು, ಚೆಂಡು ಹೋದ ಕೂಡಲೇ ಪ್ರೆಸ್ಸಿಂಗ್, ಶಾವಿ ಮತ್ತು ಇನಿಯೆಸ್ಟಾ ಹಿಡಿದಿಡುವ ಲಯ, ಎಲ್ಲವೂ ಹಾಗೇ ಇತ್ತು. ಪೂರ್ತಿ ಎದುರಾಳಿಗಾಗಿಯೇ ಮಾಡಿದ ತಂತ್ರ, ಆದರೆ ಆಡಿದ್ದು ತಮ್ಮದೇ ಆಟ.

ಇದೇ ಗ್ವಾರ್ಡಿಯೋಲಾ 2020ರ ಆಗಸ್ಟ್‌ನಲ್ಲಿ ಲಿಸ್ಬನ್‌ನಲ್ಲಿ ಬೇರೆ ದಾರಿ ಹಿಡಿದರು. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್, ಎದುರಿಗೆ ಫ್ರೆಂಚ್ ಲೀಗ್‌ನಲ್ಲಿ 7ನೇ ಸ್ಥಾನ ಪಡೆದಿದ್ದ ಲಿಯಾನ್. ಆ ತಂಡದ ಆಟಕ್ಕೆ ಹೊಂದಿಸಲು ಅವರ ಆಗಿನ ತಂಡ ಮ್ಯಾಂಚೆಸ್ಟರ್ ಸಿಟಿ ಮೂವರು ಸೆಂಟರ್ ಬ್ಯಾಕ್‌ಗಳೊಂದಿಗೆ ಇಳಿಯಿತು. ಇಬ್ಬರು ಸಿಲ್ವಾಗಳು, ಮಹ್ರೇಜ್, ಫೋಡೆನ್ ಬೆಂಚ್ ಮೇಲೆ ಕೂತರು. ಎರಡನೇ ಅರ್ಧದಲ್ಲಿ ಮಹ್ರೇಜ್ ಬಂದು ತಂಡ ತನ್ನ ಮಾಮೂಲಿ ಆಟಕ್ಕೆ ಮರಳಿದ ಮೇಲೆ ಸಮಬಲದ ಗೋಲು ಬಂತು. ಕೊನೆಗೆ 3-1ರ ಸೋಲು. ಒಂದು ಮಾತು ನ್ಯಾಯವಾಗಿ ಹೇಳಬೇಕು: 2-1 ಇದ್ದಾಗ ಸ್ಟರ್ಲಿಂಗ್ ಗೋಲ್ ಎದುರಲ್ಲೇ ಚೆಂಡನ್ನು ಮೇಲಕ್ಕೆ ಒದ್ದರು. ಅದು ಒಳಗೆ ಹೋಗಿದ್ದರೆ ಈ ಪಂದ್ಯದ ಕಥೆಯೇ ಬೇರೆ ಆಗಬಹುದಿತ್ತು. ಆದರೂ ನನಗೆ ವ್ಯತ್ಯಾಸ ಸ್ಪಷ್ಟ. 2009ರಲ್ಲಿ ತಂತ್ರ ತಂಡದ ಬಲವನ್ನು ಎದುರಾಳಿಯ ದೌರ್ಬಲ್ಯದ ಹತ್ತಿರ ಒಯ್ದಿತು. 2020ರಲ್ಲಿ ಅದೇ ಬಲವನ್ನು ಬೆಂಚ್ ಮೇಲೆ ಕೂರಿಸಿತು.

ಬಿಯೆಲ್ಸಾ ಹೆಸರು ಬಂದರೆ ಜನ ಹಟಮಾರಿ ಫಿಲಾಸಫಿ ಅನ್ನುತ್ತಾರೆ. ಅದು ಅರ್ಧ ನಿಜ. 2019ರ ಜನವರಿಯಲ್ಲಿ ಎದುರಾಳಿ ಡರ್ಬಿ ಕೌಂಟಿ ತಂಡದ ಅಭ್ಯಾಸ ಕದ್ದು ನೋಡಲು ಅವರ ಲೀಡ್ಸ್ ತಂಡದ ಕಡೆಯವರೊಬ್ಬರು ಹೋಗಿದ್ದು ಗಲಾಟೆಯಾದಾಗ, ಬಿಯೆಲ್ಸಾ ಪತ್ರಕರ್ತರನ್ನು ಕರೆದು ಎದುರಾಳಿಗಳನ್ನು ತಾವು ಎಷ್ಟು ಆಳವಾಗಿ ಓದುತ್ತೇವೆ ಅಂತ ಪರದೆಯ ಮೇಲೇ ತೋರಿಸಿದರು. ಅವರ ಒಂದು ನಿಯಮ ನೋಡಿ. ಎದುರಾಳಿಗೆ ಇಬ್ಬರು ಸ್ಟ್ರೈಕರ್‌ಗಳಿದ್ದರೆ ಹಿಂದೆ ಮೂವರು ಸೆಂಟರ್ ಬ್ಯಾಕ್, ಒಬ್ಬನಿದ್ದರೆ ಇಬ್ಬರು. ಯಾವತ್ತೂ ಒಬ್ಬ ಹೆಚ್ಚುವರಿ. ಅಂದರೆ ಎದುರಾಳಿಗೆ ತಕ್ಕ ಬದಲಾವಣೆ ಫಿಲಾಸಫಿಯ ಒಳಗೇ ಕೂತಿದೆ, ಅಲ್ವಾ? ಆಟಗಾರರಿಗೆ ಅದು ಹೊಸದೇ ಅಲ್ಲ. ಅವರು ಬದಲಿಸದೇ ಇದ್ದದ್ದು ಮೈದಾನದ ಉದ್ದಕ್ಕೂ ಒಬ್ಬರಿಗೊಬ್ಬರು ಅಂಟಿಕೊಂಡು ಆಡುವ ರೀತಿಯನ್ನು. 2020ರ ಡಿಸೆಂಬರ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 6-2ರಿಂದ ಸೋತಾಗ ಮೊದಲ ಮೂರು ನಿಮಿಷದಲ್ಲೇ ಮ್ಯಾಕ್‌ಟಾಮಿನೇ ಎರಡು ಗೋಲು ಹೊಡೆದಿದ್ದರು. ಆ ಋತುವಿನಲ್ಲಿ ಲೀಡ್ಸ್ ಪ್ರೀಮಿಯರ್ ಲೀಗ್‌ನ 9ನೇ ಸ್ಥಾನದಲ್ಲಿ ಮುಗಿಸಿತು ಅನ್ನುವುದನ್ನೂ ಪಕ್ಕದಲ್ಲೇ ಬರೆದುಕೊಳ್ಳಿ.

ಮೊರಿನ್ಯೋ ನನ್ನ ಮಾತಿಗೆ ವಿರುದ್ಧ ಉದಾಹರಣೆ ಅಂತ ನೀವು ಹೇಳಬಹುದು. 2010ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಅವರ ಇಂಟರ್ ಮಿಲಾನ್ ತನ್ನ ಮೈದಾನದಲ್ಲಿ ಬಾರ್ಸಿಲೋನಾವನ್ನು 3-1ರಿಂದ ಗೆದ್ದಿತ್ತು. ಎರಡನೇ ಪಂದ್ಯದಲ್ಲಿ, ಬಾರ್ಸಿಲೋನಾದ ಕ್ಯಾಂಪ್ ನೋನಲ್ಲಿ 28ನೇ ನಿಮಿಷಕ್ಕೇ ಮೊಟ್ಟಾ ರೆಡ್ ಕಾರ್ಡ್ ಪಡೆದರೂ 1-0ಗಿಂತ ಜಾಸ್ತಿ ಬಿಟ್ಟುಕೊಡದೆ, ಒಟ್ಟು 3-2ರಿಂದ ಫೈನಲ್ ತಲುಪಿತು. ಆ ವೇಳೆಗೆ ಇಂಟರ್‌ನಲ್ಲಿದ್ದ ಎಟೋ ಅಂದು ಡಿಫೆಂಡರ್ ಥರ ದುಡಿದರು. ಆದರೆ ಹತ್ತಿರ ಹತ್ತಿರ ನಿಂತು ಜಾಗ ಮುಚ್ಚುವುದು ಆ ತಂಡಕ್ಕೆ ಅಂದು ಹೊಳೆದದ್ದಲ್ಲ. ಮೊರಿನ್ಯೋ ತಂಡಗಳು ಅದನ್ನೇ ಉಂಡು ಬೆಳೆದವು. ನೋಡಲು ಇಷ್ಟವಾಗದಿರಬಹುದು, ಅದೂ ಫಿಲಾಸಫಿಯೇ.

ಕಷ್ಟದ ಉದಾಹರಣೆ ಪೋಸ್ಟೆಕೊಗ್ಲೂ ಅವರ ಟಾಟನ್‌ಹ್ಯಾಮ್. 2023ರ ನವೆಂಬರ್‌ನಲ್ಲಿ ಚೆಲ್ಸಿ ಎದುರು ಒಂಬತ್ತೇ ಜನ ಉಳಿದಾಗಲೂ ಡಿಫೆನ್ಸ್ ಲೈನ್ ಮೈದಾನದ ಮಧ್ಯದ ಹತ್ತಿರವೇ ಇತ್ತು, 4-1ರಿಂದ ಸೋತರು. 2025ರ ಮೇ 21ರಂದು ಬಿಲ್ಬಾವೊದ ಯುರೋಪಾ ಲೀಗ್ ಫೈನಲ್‌ನಲ್ಲಿ ಅದೇ ಮ್ಯಾನೇಜರ್ 1-0 ಮುನ್ನಡೆ ಹಿಡಿದು, ಗೋಲು ಹೊಡೆದ ಜಾನ್ಸನ್‌ರನ್ನು ಹೊರಗೆ ಕರೆದು, ಡಿಫೆಂಡರ್ ಡಾನ್ಸೊರನ್ನು ಇಳಿಸಿದರು. ಕಪ್ ಗೆದ್ದರು. ಆ ಋತುವಿನ ಪ್ರೀಮಿಯರ್ ಲೀಗ್‌ನಲ್ಲಿ 22 ಸೋಲು, 17ನೇ ಸ್ಥಾನ. ಜೂನ್ 6ರಂದು ಕೆಲಸ ಹೋಯಿತು. ಫಿಲಾಸಫಿ ಬಿಟ್ಟಿದ್ದಕ್ಕೇ ಗೆದ್ದರು ಅಂತ ಸುಮ್ನೆ ತೀರ್ಮಾನಿಸಬೇಡಿ. ಚಳಿಗಾಲದಲ್ಲಿ ಸೆಂಟರ್ ಬ್ಯಾಕ್‌ಗಳಾದ ರೊಮೆರೋ ಮತ್ತು ವಾನ್ ಡೆ ವೆನ್ ಇಬ್ಬರೂ ಗಾಯಗೊಂಡಿದ್ದರು, ಫೈನಲ್‌ನಲ್ಲಿ ಇಬ್ಬರೂ ಆಡಿದರು. ಹಿಂದೆ ಖಾಲಿ ಬಿಟ್ಟ ಜಾಗವನ್ನು ಓಡಿ ಮುಚ್ಚಲು ವಾನ್ ಡೆ ವೆನ್ ವೇಗ ಬೇಕೇ ಬೇಕಿತ್ತು. ಅವರಿಲ್ಲದ ವಾರಗಳಲ್ಲಿ ಲೈನ್ ಸ್ವಲ್ಪ ಹಿಂದಕ್ಕೆ ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಅಷ್ಟು ಬದಲಾವಣೆಗೆ ಆ ಫಿಲಾಸಫಿಯಲ್ಲೂ ಜಾಗವಿತ್ತು.