ಯಂತ್ರ ಬರೆದ ಟಿಪ್ಪಣಿ, ಮನುಷ್ಯ ಹಾಕಿದ ರುಜು

ಪ್ರಶ್ನೆ: ಯಾರ ಅಪ್ಪಣೆಯೂ ಇಲ್ಲದೆ ತಾನೇ ಗುರಿ ಹುಡುಕಿ ಕೊಲ್ಲುವ ಆಯುಧ ನಿಜವಾಗಿಯೂ ಇದೆಯಾ? ಅಥವಾ ಇದೆಲ್ಲ ಟಿವಿಯವರು ಕಟ್ಟಿದ ಕಥೆಯಾ?

ಇದೆ. ಅದೂ ಇವತ್ತು ನಿನ್ನೆಯದಲ್ಲ. ಹೊಲದಲ್ಲಿ ಹೂತಿಟ್ಟ ನೆಲಬಾಂಬನ್ನೇ ನೋಡಿ. ಹೂತವನು ಆ ಜಾಗ ಬಿಟ್ಟು ಹೋಗಿ ವರ್ಷಗಳೇ ಆಗಿರುತ್ತವೆ. ಮೇಲೆ ಕಾಲಿಟ್ಟವರು ಸೈನಿಕರೋ, ಸೌದೆಗೆ ಬಂದ ಹೆಂಗಸೋ ಎಂದು ಅದು ವಿಚಾರಿಸುವುದಿಲ್ಲ. ಭಾರ ಬಿತ್ತು, ಸಿಡಿಯಿತು, ಅಷ್ಟೇ. ಬುದ್ಧಿಯ ಗಂಧವೂ ಇಲ್ಲದ ಆ ಡಬ್ಬಿಗೂ ಕೊನೆಯ ಗಳಿಗೆಯಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. (ಮನುಷ್ಯರನ್ನು ಗುರಿಯಾಗಿಸುವ ಇಂಥ ಬಾಂಬುಗಳನ್ನು ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದದಿಂದ ಭಾರತ, ಪಾಕಿಸ್ತಾನ, ಚೀನಾ, ರಷ್ಯಾ, ಅಮೆರಿಕ ಎಲ್ಲವೂ ಹೊರಗೇ ಉಳಿದಿವೆ.)

ಸ್ವಲ್ಪ ಜಾಣ ಆಯುಧಗಳೂ ಹಳೆಯವೇ. ಅಮೆರಿಕದ ಯುದ್ಧನೌಕೆಗಳಲ್ಲಿ 1980ರಿಂದ ‘ಫ್ಯಾಲಾಂಕ್ಸ್’ ಎಂಬ ಬಂದೂಕಿದೆ. ನೌಕೆಯ ಕಡೆಗೆ ಕ್ಷಿಪಣಿ ನುಗ್ಗಿ ಬಂದರೆ ಅದರ ರೇಡಾರೇ ಪತ್ತೆ ಹಚ್ಚಿ, ಬಂದೂಕನ್ನು ತಿರುಗಿಸಿ, ನಿಮಿಷಕ್ಕೆ 3,000ಕ್ಕೂ ಹೆಚ್ಚು ಗುಂಡುಗಳ ವೇಗದಲ್ಲಿ ಹಾರಿಸುತ್ತದೆ. ಮನುಷ್ಯ ‘ಹೂಂ’ ಅನ್ನುವಷ್ಟರಲ್ಲಿ ನೌಕೆ ಮುಳುಗಿರುತ್ತದೆ ಎಂಬುದು ಅದಕ್ಕೆ ಸಮರ್ಥನೆ. ಇಸ್ರೇಲಿನ ‘ಹಾರ್ಪಿ’ ಇನ್ನೊಂದು ಬಗೆಯದು. ಶತ್ರುವಿನ ಆಕಾಶದಲ್ಲಿ ಹದ್ದಿನ ಹಾಗೆ ಸುತ್ತುತ್ತಾ ಇರುತ್ತದೆ. ಕೆಳಗೆ ಯಾವುದಾದರೂ ರೇಡಾರ್ ಚಾಲೂ ಆದರೆ ಆ ತರಂಗದ ಜಾಡು ಹಿಡಿದು ನೇರ ಅದರ ಮೇಲೇ ಎರಗುತ್ತದೆ. ಭಾರತದ ಬಳಿ ಹಾರ್ಪಿಯೂ ಇದೆ, ಅದರ ತಮ್ಮ ಎನ್ನಬಹುದಾದ ‘ಹಾರೊಪ್’ ಕೂಡ ಇದೆ.

ಇವುಗಳ ಬಗ್ಗೆ ಜಗತ್ತು ಅಷ್ಟಾಗಿ ತಕರಾರು ತೆಗೆಯಲಿಲ್ಲ. ಗುರಿ ಕ್ಷಿಪಣಿಯೋ ರೇಡಾರೋ ಆಗಿತ್ತು, ಮನುಷ್ಯನ ಮುಖ ಆಗಿರಲಿಲ್ಲ. ಆದರೆ ಗುರುತಿಸುವುದರಲ್ಲಿ ಯಂತ್ರ ಎಡವಿದರೆ ಏನಾಗುತ್ತದೆ ಎಂಬುದು 2003ರಲ್ಲೇ ಗೊತ್ತಾಯಿತು. ಆ ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ಕೀಲಿ ಅಲ್ಲಿದೆ.

ಆ ವರ್ಷದ ಮಾರ್ಚ್ 23. ಇರಾಕಿನ ಮೇಲೆ ದಾಳಿ ಮುಗಿಸಿದ ಬ್ರಿಟನ್ನಿನ ಟೊರ್ನಾಡೊ ವಿಮಾನವೊಂದು ಕುವೈತ್‌ನ ನೆಲೆಗೆ ಇಳಿಯಲು ಬರುತ್ತಿತ್ತು. ಕೆಳಗೆ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಘಟಕ. ‘ನಾನು ನಿಮ್ಮವನೇ’ ಎಂದು ಸಾರಬೇಕಿದ್ದ ವಿಮಾನದ ಉಪಕರಣ ಕೆಲಸ ಮಾಡುತ್ತಿರಲಿಲ್ಲ. ಇಳಿಯುತ್ತಿದ್ದ ಆ ವಿಮಾನದ ವೇಗ, ಕೋನ ಎಲ್ಲ ಲೆಕ್ಕ ಹಾಕಿದ ಪೇಟ್ರಿಯಟ್ ಗಣಕ, ಇದು ರೇಡಾರ್ ನಾಶಕ ಕ್ಷಿಪಣಿ ಎಂದು ಷರಾ ಬರೆಯಿತು. ಘಟಕದವರ ಸಂಪರ್ಕ ಸಾಧನಗಳು ಇನ್ನೂ ಬಂದಿರಲಿಲ್ಲವಾದ್ದರಿಂದ ಬೇರೆಯವರನ್ನು ಕೇಳಿ ನೋಡುವ ದಾರಿಯೂ ಇರಲಿಲ್ಲ. ತೀರ್ಮಾನಕ್ಕೆ ಇದ್ದದ್ದು ಹೆಚ್ಚುಕಡಿಮೆ ಒಂದು ನಿಮಿಷ. ಹಾರಿಸಿದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಆ ಸಿಬ್ಬಂದಿಗೆ ಸಿಕ್ಕಿದ್ದ ತರಬೇತಿಯೇ ಅಂಥದ್ದು, ಬೇಗ ಪ್ರತಿಕ್ರಿಯಿಸಿ, ಸಾಫ್ಟ್‌ವೇರನ್ನು ನಂಬಿ ಎಂದೇ ಕಲಿಸಲಾಗಿತ್ತು ಎಂದು ಬ್ರಿಟನ್ನಿನ ತನಿಖೆ ಹೇಳಿತು. ಹತ್ತು ದಿನ ಕಳೆಯುವಷ್ಟರಲ್ಲಿ ಪೇಟ್ರಿಯಟ್ ಅಮೆರಿಕದ್ದೇ ನೌಕಾಪಡೆಯ ವಿಮಾನವನ್ನೂ ಹೊಡೆಯಿತು. ಅದರ ಪೈಲಟ್ ಕೂಡ ಉಳಿಯಲಿಲ್ಲ.

ಗಮನಿಸಿ, ಟೊರ್ನಾಡೊ ಪ್ರಕರಣದಲ್ಲಿ ಮನುಷ್ಯ ಇದ್ದ. ಗುಂಡಿ ಅವನ ಕೈಯಲ್ಲೇ ಇತ್ತು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ ಬರೆದ ಟಿಪ್ಪಣಿಗೆ ಸಾಹೇಬರು ರುಜು ಹಾಕುವುದನ್ನು ನೀವು ಕಂಡಿರುತ್ತೀರಿ. ಮೇಜಿನ ಮೇಲೆ ಫೈಲುಗಳ ರಾಶಿ, ಹೊರಗೆ ಕಾರು ಕಾಯುತ್ತಿದೆ. ರುಜು ಬೀಳುತ್ತದೆ, ಓದು ಆಗಿರುವುದಿಲ್ಲ. ಕಾಗದದ ಮೇಲೆ ತೀರ್ಮಾನ ಸಾಹೇಬರದ್ದು, ಅಸಲಿಗೆ ಗುಮಾಸ್ತನದ್ದು.

ಹಾಗಾದರೆ ಈಗ ಹೊಸದೇನು? ಎರಡು ಸಂಗತಿ. ಒಂದು ಉಕ್ರೇನಿನಿಂದ ಬಂದದ್ದು, ಇನ್ನೊಂದು ಗಾಜಾದಿಂದ.

ಉಕ್ರೇನ್ ಯುದ್ಧದಲ್ಲಿ ಹಾರುತ್ತಿರುವ ಸಾವಿರಾರು ಆತ್ಮಾಹುತಿ ಡ್ರೋನ್‌ಗಳನ್ನು ನಡೆಸುವವರು ಕಣ್ಣಿಗೆ ಕನ್ನಡಕದಂಥ ಪರದೆ ಕಟ್ಟಿಕೊಂಡು ಎಲ್ಲೋ ನೆಲಮಾಳಿಗೆಯಲ್ಲಿ ಕೂತ ಹುಡುಗರು. ಡ್ರೋನಿನ ಕ್ಯಾಮೆರಾ ಕಂಡದ್ದೆಲ್ಲ ಅವರಿಗೂ ಕಾಣುತ್ತದೆ. ತೊಂದರೆ ಶುರುವಾಗುವುದು ಗುರಿ ಹತ್ತಿರವಾದಾಗ. ಎದುರಾಳಿಯ ಜಾಮರ್ ರೇಡಿಯೋ ಸಂಕೇತವನ್ನು ನುಂಗಿಹಾಕುತ್ತದೆ, ಹಳೇ ಟಿವಿಯ ಹಾಗೆ ಪರದೆ ತುಂಬ ಚುಕ್ಕೆ, ಡ್ರೋನ್ ಎಲ್ಲೋ ಹೋಗಿ ಬೀಳುತ್ತದೆ. ಇದಕ್ಕೆ ಹುಡುಕಿದ ಮದ್ದೇ ಎಐ. ಹುಡುಗ ಪರದೆಯ ಮೇಲೆ ಕಂಡ ಟ್ಯಾಂಕಿನ ಸುತ್ತ ಒಂದು ಚೌಕ ಹಾಕುತ್ತಾನೆ. ಅಲ್ಲಿಂದಾಚೆ ಸಂಪರ್ಕ ಕಡಿದರೂ ಡ್ರೋನಿನೊಳಗಿನ ಪುಟ್ಟ ಗಣಕ ಆ ಚೌಕದ ಚಿತ್ರವನ್ನೇ ಹಿಂಬಾಲಿಸಿ ಹೋಗಿ ಬಡಿಯುತ್ತದೆ. ಕೊನೆಯ ಕೆಲವು ನೂರು ಮೀಟರ್ ಮಾತ್ರ ಯಂತ್ರದ್ದು. ಮನುಷ್ಯನನ್ನು ದೂರ ಇಡಬೇಕೆಂದು ಯಾರೂ ಹಟ ತೊಟ್ಟಿರಲಿಲ್ಲ. ರೇಡಿಯೋ ಕೈಕೊಟ್ಟಿತು, ಆ ಜಾಗಕ್ಕೆ ಯಂತ್ರ ಬಂತು.

ಇದೇ ಜಾಮರ್ ಕಾಟಕ್ಕೆ ಅಲ್ಲಿ ಇನ್ನೊಂದು ಪರಿಹಾರವನ್ನೂ ಕಂಡುಕೊಂಡರು. ಗಾಳಿಪಟದ ಹಾಗೆ ಡ್ರೋನಿಗೆ ದಾರ ಕಟ್ಟುವುದು. ಕೂದಲೆಳೆಯಂಥ ಗಾಜಿನ ತಂತಿ ಕಿಲೋಮೀಟರುಗಟ್ಟಲೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಅದನ್ನು ಜಾಮರ್ ಏನೂ ಮಾಡಲಾರದು. ಹೊಲಗಳ ಮೇಲೆಲ್ಲ ಜೇಡರಬಲೆಯ ಹಾಗೆ ಆ ತಂತಿ ಹರಡಿಕೊಂಡಿರುವ ಚಿತ್ರಗಳು ಬಂದಿವೆ. ಅಲ್ಲಿ ಕೊನೆಯ ಕ್ಷಣದವರೆಗೂ ಮನುಷ್ಯನೇ ನಡೆಸುತ್ತಾನೆ. ಅಂದರೆ ಯಂತ್ರಕ್ಕೆ ಒಪ್ಪಿಸುವುದೊಂದೇ ದಾರಿ ಎಂಬ ವಾದ ಪೂರ್ತಿ ನಿಜವಲ್ಲ.

ಟಿವಿಯವರ ಕಥೆ ಎಂದಿರಲ್ಲ, ಅದಕ್ಕೆ ಉದಾಹರಣೆ ಲಿಬಿಯಾ. ‘ಮನುಷ್ಯನನ್ನು ತಾನಾಗಿಯೇ ಕೊಂದ ಮೊದಲ ರೋಬಾಟ್’ ಎಂದು 2021ರಲ್ಲಿ ಎಲ್ಲೆಡೆ ಸುದ್ದಿಯಾಯಿತು. ಮೂಲ ಆ ವರ್ಷದ ವಿಶ್ವಸಂಸ್ಥೆಯ ತಜ್ಞರ ಸಮಿತಿ ವರದಿ. ಟರ್ಕಿಯ ‘ಕಾರ್ಗು-2’ ಡ್ರೋನ್‌ನಂಥ ಆಯುಧಗಳು ಹಿಮ್ಮೆಟ್ಟುತ್ತಿದ್ದ ಪಡೆಗಳ ಬೆನ್ನಟ್ಟಿದವು, ಚಾಲಕನ ಸಂಪರ್ಕವಿಲ್ಲದೆಯೂ ದಾಳಿ ಮಾಡುವಂತೆ ಅವನ್ನು ಸಜ್ಜುಗೊಳಿಸಲಾಗಿತ್ತು ಎಂದು ಅದರಲ್ಲಿದೆ. ಅವು ತಾವಾಗಿಯೇ ಇಂಥವರನ್ನು ಕೊಂದವು ಎಂದು ವರದಿ ಹೇಳಿಲ್ಲ. ತಲೆಬರಹ ಬರೆದವರು ಅಷ್ಟು ದೂರ ಜಿಗಿದರು.

ಗಾಜಾದ ಸಂಗತಿ ಉಕ್ರೇನಿನದಕ್ಕೆ ತದ್ವಿರುದ್ಧ. ಅಲ್ಲಿ ಎಐ ಆಯುಧ ಹಾರಿಸಲಿಲ್ಲ, ಪಟ್ಟಿ ಬರೆಯಿತು. ಇಸ್ರೇಲ್ ಸೇನೆಯ ‘ಲ್ಯಾವೆಂಡರ್’ ಎಂಬ ವ್ಯವಸ್ಥೆ ಒಂದು ಹಂತದಲ್ಲಿ 37,000 ಜನರನ್ನು ಶಂಕಿತ ಉಗ್ರರೆಂದು ಗುರುತಿಸಿತ್ತು, ಒಂದೊಂದು ಹೆಸರನ್ನು ಅಧಿಕಾರಿಗಳು ಸುಮಾರು 20 ಸೆಕೆಂಡುಗಳಲ್ಲಿ ಒಪ್ಪಿ ಮುಂದೆ ಕಳಿಸುತ್ತಿದ್ದರು ಎಂದು ಇಸ್ರೇಲಿನದೇ +972 ಪತ್ರಿಕೆ 2024ರ ಏಪ್ರಿಲ್‌ನಲ್ಲಿ ಗುಪ್ತಚರ ಅಧಿಕಾರಿಗಳ ಹೇಳಿಕೆ ಆಧರಿಸಿ ವರದಿ ಮಾಡಿತು. ಅದು ಮಾಹಿತಿ ತಾಳೆ ನೋಡುವ ಸಾಧನ ಮಾತ್ರ, ಗುರಿ ತೀರ್ಮಾನಿಸುವವರು ಮನುಷ್ಯರೇ ಎಂದು ಇಸ್ರೇಲ್ ಸೇನೆ ಉತ್ತರಿಸಿತು. ವರದಿ ನಿಜವೇ ಆಗಿದ್ದರೆ ಮತ್ತೆ ಅದೇ ಫೈಲಿನ ರುಜು. ಒಂದು ಹೆಸರಿಗೆ 20 ಸೆಕೆಂಡ್ ಅಂದರೆ ಈ ಪ್ಯಾರಾ ಓದಲೂ ಸಾಲದು.

ಆದ್ದರಿಂದ ‘ಮನುಷ್ಯನ ಅಪ್ಪಣೆ ಇದೆಯೋ ಇಲ್ಲವೋ’ ಎಂದು ಕೇಳಿ ಸುಮ್ಮನಾಗಬೇಡಿ. ಅಪ್ಪಣೆ ಕೊಡುವವನಿಗೆ ಏನು ಕಾಣುತ್ತಿತ್ತು, ಎಷ್ಟು ಹೊತ್ತು ಸಿಕ್ಕಿತ್ತು, ಬೇಡ ಅನ್ನುವ ಅವಕಾಶ ಇತ್ತಾ ಎಂದು ಕೇಳಿ. ಅಮೆರಿಕದ ರಕ್ಷಣಾ ಇಲಾಖೆ 2012ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ನಿರ್ದೇಶನ ‘ಸೂಕ್ತ ಪ್ರಮಾಣದ’ ಮಾನವ ವಿವೇಚನೆ ಇರಬೇಕು ಎನ್ನುತ್ತದೆ. ಸೂಕ್ತ ಎಂದರೆ ಎಷ್ಟು? ರಬ್ಬರಿನಂಥ ಪದ, ಎಳೆದಷ್ಟು ಬರುತ್ತದೆ.

ನಮ್ಮ ದೇಶದ್ದೇನು ಎಂದು ನೀವು ಮುಂದೆ ಕೇಳುತ್ತೀರಿ, ಗೊತ್ತು. ಜಿನೀವಾದಲ್ಲಿ ಈ ಬಗ್ಗೆ ನಡೆದ ಸರ್ಕಾರಿ ತಜ್ಞರ ಮಾತುಕತೆಗೆ 2017 ಮತ್ತು 2018ರಲ್ಲಿ ಅಧ್ಯಕ್ಷರಾಗಿದ್ದವರು ಭಾರತದ ರಾಜತಾಂತ್ರಿಕ ಅಮನ್‌ದೀಪ್ ಸಿಂಗ್ ಗಿಲ್. ಆದರೆ 2023ರ ನವೆಂಬರ್‌ನಲ್ಲಿ ಇಂಥ ಆಯುಧಗಳ ಕುರಿತ ನಿರ್ಣಯ ವಿಶ್ವಸಂಸ್ಥೆಯ ಸಮಿತಿಯಲ್ಲಿ ಮತಕ್ಕೆ ಬಂದಾಗ 164 ದೇಶಗಳು ಪರ ನಿಂತವು, ವಿರೋಧಿಸಿದ 5 ದೇಶಗಳಲ್ಲಿ ಭಾರತವೂ ಒಂದು. ಜಿನೀವಾದ ವೇದಿಕೆ ಇರುವಾಗ ಇನ್ನೊಂದು ಬೇಡ ಎಂಬುದು ನಮ್ಮ ವಾದ. ಮರುವರ್ಷ ಸಾಮಾನ್ಯ ಸಭೆಯಲ್ಲಿ ಭಾರತ ತಟಸ್ಥವಾಗಿ ಉಳಿಯಿತು. ಇತ್ತ ಆಯುಧ ತಯಾರಿ ನಿಂತಿಲ್ಲ. ನಾಗಪುರದ ಸೋಲಾರ್ ಸಮೂಹ ಬೆಂಗಳೂರಿನ ಜಡ್-ಮೋಷನ್ ಜೊತೆ ಸೇರಿ ರೂಪಿಸಿದ ‘ನಾಗಾಸ್ತ್ರ-1’ ಆತ್ಮಾಹುತಿ ಡ್ರೋನ್‌ಗಳು 2024ರಿಂದ ಸೇನೆಯ ಕೈ ಸೇರುತ್ತಿವೆ.

ನಾಗಾಸ್ತ್ರದಲ್ಲಿ ನನಗೆ ಹಿಡಿಸಿದ್ದು ಒಂದು ಸೌಲಭ್ಯ. ಗುರಿ ಸಿಗದಿದ್ದರೆ, ಬೇಡ ಅನ್ನಿಸಿದರೆ, ದಾಳಿ ರದ್ದು ಮಾಡಿ ಅದನ್ನು ವಾಪಸ್ ಕರೆಸಿ ಪ್ಯಾರಾಚೂಟ್‌ನಲ್ಲಿ ಇಳಿಸಿಕೊಳ್ಳಬಹುದು. ಅದೇ ಡ್ರೋನ್ ಬಗ್ಗೆ ಪ್ರಕಟವಾದ ವಿವರಗಳಲ್ಲಿ ಎರಡು ಅಂಕಿಗಳಿವೆ: ಮನುಷ್ಯನ ನಿಯಂತ್ರಣದಲ್ಲಿ 15 ಕಿ.ಮೀ., ಸ್ವಯಂ ಹಾರಾಟದಲ್ಲಿ 30 ಕಿ.ಮೀ.