ಹಳೆ ಬೈಕಿಗೆ ಹೊಸ ಸೈಲೆನ್ಸರ್: ಘಾಟಿ ಇಳಿಯುವ ಮುನ್ನ

ಹಾಸನ, ಚಿಕ್ಕಮಗಳೂರಿನಲ್ಲಿ ಹಳೆಯ ಬುಲೆಟ್‌ಗೋ ಆರ್‌ಎಕ್ಸ್ 100ಕ್ಕೋ ಬೇರೆ ಸೈಲೆನ್ಸರ್ ಹಾಕಿಸಿದವರಿಗೆ ಮೊದಮೊದಲು ಏನೂ ತೊಂದರೆ ಕಾಣುವುದಿಲ್ಲ. ಆಕ್ಸಲರೇಟರ್ ಕೊಡದಿದ್ದಾಗಿನ ಸ್ಲೋ ಸ್ಪೀಡ್ ಸ್ಥಿರವಾಗಿರುತ್ತದೆ, ಪಿಕಪ್ಪೂ ಚೆನ್ನಾಗಿರುತ್ತದೆ. ತೊಂದರೆ ಶುರುವಾಗುವುದು ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗಿ ವಾಪಸ್ ಘಾಟಿ ಹತ್ತುವಾಗ. ಇಂಜಿನ್ ಕಾಯುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ, ಟೂ ಸ್ಟ್ರೋಕ್ ಆದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು, ಅಂದರೆ ಸೀಜ್ ಆಗಿ, ರಸ್ತೆ ಬದಿಗೆ ನಿಲ್ಲುತ್ತದೆ. ಆಗ ಎಲ್ಲರೂ ಸೈಲೆನ್ಸರ್‌ಗೆ ಬೈಯುತ್ತಾರೆ. ಸೈಲೆನ್ಸರ್ ಬದಲಿಸಿ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಮುಟ್ಟದೆ ಬಿಟ್ಟದ್ದು ಬಹುಪಾಲು ಸಲ ನಿಜವಾದ ಕಾರಣ. ನಮ್ಮ ಊರುಗಳ ಎತ್ತರ ಆ ತಪ್ಪನ್ನು ಅಲ್ಲಿಯವರೆಗೆ ಮುಚ್ಚಿಟ್ಟಿರುತ್ತದೆ.

ಹೇಗೆಂದರೆ, ಎರಡೂ ಊರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 1000 ಮೀಟರ್ ಮೇಲಿವೆ. ಕರಾವಳಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಶೇ. 11ರಷ್ಟು ಕಡಿಮೆ. ಹಳೆಯ ಸ್ಲೈಡ್ ಕಾರ್ಬುರೇಟರ್‌ಗೆ ಗಾಳಿ ತೆಳುವಾಗಿದೆ ಎಂದು ತಿಳಿಯುವ ಉಪಾಯವಿಲ್ಲ. ಅದು ಪೆಟ್ರೋಲನ್ನು ಬಿಡುತ್ತಲೇ ಇರುತ್ತದೆ, ಹಾಗಾಗಿ ಇಲ್ಲಿ ಮಿಶ್ರಣ ಶೇ. 4–5ರಷ್ಟು ರಿಚ್, ಅಂದರೆ ಪೆಟ್ರೋಲ್ ಹೆಚ್ಚಿದ್ದು, ಆಗಿರುತ್ತದೆ. ಹೊಗೆಯನ್ನು ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿದಾಗ ಹೊಗೆಗೆ ಇದ್ದ ತಡೆ ಇಳಿದು ಸಿಲಿಂಡರ್ ಚೆನ್ನಾಗಿ ಖಾಲಿಯಾಗುತ್ತದೆ, ಹೊಸ ಗಾಳಿ ಹೆಚ್ಚು ನುಗ್ಗುತ್ತದೆ, ಮಿಶ್ರಣ ಲೀನ್ ಕಡೆಗೆ, ಅಂದರೆ ಪೆಟ್ರೋಲ್ ಕಡಿಮೆಯಾಗುವ ಕಡೆಗೆ, ಸರಿಯುತ್ತದೆ. ಇಲ್ಲಿನ ರಿಚ್ಚೂ ಹೊಸ ಸೈಲೆನ್ಸರಿನ ಲೀನೂ ಒಂದಕ್ಕೊಂದು ಸರಿಹೋಗಿ ಗಾಡಿ ಸೊಗಸಾಗಿ ಓಡುತ್ತದೆ. ಘಾಟಿಯ ಕೆಳಗಿನ ಗುಂಡ್ಯಕ್ಕೋ ಉಜಿರೆಗೋ ಇಳಿದರೆ ಗಾಳಿ ದಪ್ಪವಾಗುತ್ತದೆ, ಆ ಸರಿದೂಗಿಕೆ ಅಲ್ಲಿಗೆ ಮುಗಿಯುತ್ತದೆ. ಇದರ ಮೇಲೆ ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಪಾಲೇ ಲೆಕ್ಕ. ಅಂದರೆ ಹಳೆಯ ಜೆಟ್ಟಿನಲ್ಲೇ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ತುಂಡು) ಓಡಿಸಿದರೆ ಸೈಲೆನ್ಸರ್ ಮುಟ್ಟುವ ಮೊದಲೇ ಗಾಡಿ ಲೀನ್ ಕಡೆಗೆ ವಾಲಿರುತ್ತದೆ. ಈ ಎಲ್ಲವೂ ಒಟ್ಟಿಗೆ ಸೇರುವುದು ಘಾಟಿಯ ಬುಡದಲ್ಲಿ, ಪೂರ್ತಿ ಆಕ್ಸಲರೇಟರ್ ಕೊಟ್ಟು ಹತ್ತಲು ಶುರುಮಾಡಿದಾಗ.

ಕೆಲಸಕ್ಕೆ ಕೈಹಾಕುವ ಮುನ್ನ ಸೈಲೆನ್ಸರ್ ಆಯ್ಕೆಯ ಬಗ್ಗೆ ಎರಡು ಮಾತು. ಶಾರ್ಟ್ ಬಾಟಲ್, ಲಾಂಗ್ ಬಾಟಲ್, ಗೋಲ್ಡ್‌ಸ್ಟಾರ್ ಎಂದು ಹೆಸರು ಏನೇ ಇರಲಿ, ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಇದೆಯೇ, ಅದನ್ನು ಬಿಚ್ಚಿ ತೊಳೆಯಬಹುದೇ ಎಂದು ಮೊದಲು ನೋಡಿ. ಹಿಂದಿನಿಂದ ಟಾರ್ಚ್ ಬಿಟ್ಟಾಗ ಬೆಳಕು ನೇರ ಮುಂದಿನ ತುದಿಗೆ ಹೋದರೆ, ಅದು ತೂತಿನ ಪೈಪ್ ಸುತ್ತ ಗ್ಲಾಸ್ ವೂಲ್ ಸುತ್ತಿದ ಬಗೆ. ಆ ಗ್ಲಾಸ್ ವೂಲ್ ದಿನ ಕಳೆದಂತೆ ಸುಟ್ಟು ಹೊರಗೆ ಹಾರಿಹೋಗುತ್ತದೆ, ಸದ್ದು ಏರುತ್ತಲೇ ಹೋಗುತ್ತದೆ. ಅಂಗಡಿಯಲ್ಲಿ ಕೇಳಿದ ಸದ್ದನ್ನು ನಂಬಿ ತರಬೇಡಿ. ಗಾಡಿಯ ಮೂಲ ಸೈಲೆನ್ಸರಿನಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇದ್ದರೆ ಅದಿಲ್ಲದ್ದನ್ನು ಹಾಕುವುದೇ ಬೇಡ.

ಕಾನೂನೂ ಸ್ಪಷ್ಟವಾಗಿದೆ. 2005ರ ಏಪ್ರಿಲ್‌ನಿಂದ ತಯಾರಾಗುವ ಬೈಕುಗಳಿಗೆ ತಯಾರಿಕೆಯ ಹಂತದಲ್ಲೇ ಸದ್ದಿನ ಮಿತಿ ಇದೆ: 80 ಸಿಸಿವರೆಗೆ 75 ಡೆಸಿಬಲ್, 175 ಸಿಸಿವರೆಗೆ 77, ಅದರ ಮೇಲೆ 80. ಸದ್ದು, ಹೊಗೆಯ ನಿಯಮ ಮುರಿದು ರಸ್ತೆಗಿಳಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಕೆಳಗೆ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸೂ ಅನರ್ಹವಾಗುತ್ತದೆ. ದಂಡದ ಮಾತು ಹಾಗಿರಲಿ. ಸಕಲೇಶಪುರ, ಆಲೂರು ಕಡೆ ತೋಟದ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಾಡುವವರು ಆನೆ ಇದೆಯೇ ಎಂದು ಕಿವಿಗೊಟ್ಟು ಸಾಗಬೇಕಾಗುತ್ತದೆ. ಸವಾರನ ಕಿವಿಯನ್ನೇ ಮುಚ್ಚಿಸುವ ಸೈಲೆನ್ಸರ್ ಅಲ್ಲಿ ಜೀವಕ್ಕೆ ಅಪಾಯ. ಮೂಲ ಸೈಲೆನ್ಸರ್ ತುಕ್ಕು ತಿಂದು ಹೋಗಿದೆ, ಕಂಪನಿಯದ್ದು ಸಿಗುತ್ತಿಲ್ಲ ಎಂಬುದು ಬದಲಿಸಲು ಒಳ್ಳೆಯ ಕಾರಣ. ಸದ್ದು ಬೇಕು ಎಂಬುದು ಒಳ್ಳೆಯ ಕಾರಣವಲ್ಲ.

ಹಳೆಯದನ್ನು ಬಿಚ್ಚುವುದೇ ಅರ್ಧ ಕೆಲಸ. ಮಲೆನಾಡಿನ ಮಳೆ ತಿಂದ ಗಾಡಿಯಲ್ಲಿ ಇಂಜಿನ್ ಹೆಡ್ಡಿಗೆ ಪೈಪ್ ಹಿಡಿಸುವ ಸ್ಟಡ್ಡೂ ನಟ್ಟೂ ತುಕ್ಕು ಹಿಡಿದು ಒಂದೇ ಆಗಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ, ಬೆಳಿಗ್ಗೆ ಮತ್ತೊಮ್ಮೆ ಬಿಡಿ. ಹತ್ತು ನಿಮಿಷ ಇಂಜಿನ್ ಓಡಿಸಿ, ಕೈ ಸುಡದಷ್ಟು ಆರಿದ ಮೇಲೆ ರಿಂಗ್ ಅಥವಾ ಬಾಕ್ಸ್ ಸ್ಪ್ಯಾನರಿನಲ್ಲೇ ತಿರುಗಿಸಿ. ಡಬಲ್ ಎಂಡ್ ಸ್ಪ್ಯಾನರ್ ಹಾಕಿದರೆ ನಟ್ಟಿನ ಮೂಲೆ ಸವೆಯುವುದು ಖಚಿತ. ಕಾಲು ಸುತ್ತು ಬಿಚ್ಚಿ, ಅಷ್ಟೇ ಹಿಂದಕ್ಕೆ ಬಿಗಿ ಮಾಡಿ, ಮತ್ತೆ ಬಿಚ್ಚಿ. ಒಂದೇ ಸಮನೆ ಎಳೆದರೆ 6 ಎಂಎಂ ಸ್ಟಡ್ ಹೆಡ್ಡಿನ ಬಾಯಲ್ಲೇ ಮುರಿಯುತ್ತದೆ. ಮುರಿದ ತುಂಡು ಸ್ವಲ್ಪ ಹೊರಗಿದ್ದರೆ ಅದರ ಮೇಲೆ ನಟ್ಟು ಇಟ್ಟು ವೆಲ್ಡ್ ಮಾಡಿಸಿ, ಬಿಸಿ ಇರುವಾಗಲೇ ತಿರುಗಿಸಬಹುದು. ಒಳಗೇ ಮುರಿದಿದ್ದರೆ ಹೆಡ್ ಬಿಚ್ಚಿ ಲೇತ್ ಅಂಗಡಿಗೆ ಕೊಡಿ. ಗಾಡಿಯ ಮೇಲೆಯೇ ಹ್ಯಾಂಡ್ ಡ್ರಿಲ್ ಹಿಡಿದರೆ ಬಿಟ್ ಗಟ್ಟಿ ಸ್ಟಡ್ಡನ್ನು ಬಿಟ್ಟು ಮೆತ್ತಗಿನ ಅಲ್ಯುಮಿನಿಯಂ ಕಡೆಗೆ ಜಾರುತ್ತದೆ, ಆಮೇಲೆ ಹೆಡ್ ಉಳಿಸುವುದು ಕಷ್ಟ.

ಹಳೆಯ ಕಾಸ್ಟ್ ಐರನ್ ಬುಲೆಟ್‌ನಲ್ಲಿ ಈ ತಾಪತ್ರಯವಿಲ್ಲ, ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪ್ ಹೆಡ್ಡಿಗೆ ಒತ್ತಿ ಕೂರುವಂಥದ್ದು. ಅಲ್ಲಿನ ಸಮಸ್ಯೆ ಸಡಿಲ. ವರ್ನಿಯರ್ ಅಳತೆಗೋಲು ಹಿಡಿದು ಪೋರ್ಟಿನ (ಹೊಗೆ ಹೊರಬರುವ ಬಾಯಿ) ಅಳತೆ, ಪೈಪಿನ ಅಳತೆ ಎರಡೂ ನೋಡಿ. ಅರ್ಧ ಎಂಎಂಗಿಂತ ಹೆಚ್ಚು ಆಟವಿದ್ದರೆ ಟರ್ನರ್ ಹತ್ತಿರ ಸ್ಲೀವ್ ಮಾಡಿಸಿ. ಜಾವಾ, ಯೆಜ್ಡಿಗಳಲ್ಲಿ ಸಿಲಿಂಡರ್ ಬಾಯಿಗೆ ರಿಂಗ್ ನಟ್ಟು. ಅದಕ್ಕೆ ಹುಕ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಬಿಚ್ಚುವ ಅಭ್ಯಾಸದಿಂದ ನಟ್ಟಿನ ರೆಕ್ಕೆಯೂ ಹೋಗುತ್ತದೆ, ಥ್ರೆಡ್ಡೂ ಹೋಗುತ್ತದೆ.

ಪೋರ್ಟಿನ ತಾಮ್ರದ ಪ್ಯಾಕಿಂಗ್ ಹೊಸದೇ ಹಾಕಬೇಕು. ಒಮ್ಮೆ ಒತ್ತಿಹೋದದ್ದು ಮತ್ತೆ ಒತ್ತುವುದಿಲ್ಲ. ಹಳೆಯದು ಕೆಲವು ಸಲ ಪೋರ್ಟಿನ ಒಳಗೇ ಅಂಟಿಕೊಂಡು ಕಬ್ಬಿಣದಂತೆ ಕಾಣುತ್ತದೆ. ಅದನ್ನು ಗಮನಿಸದೆ ಮೇಲೆ ಇನ್ನೊಂದು ಕೂರಿಸಿದರೆ ಎಂದಿಗೂ ಸರಿಯಾಗಿ ಕೂರುವುದಿಲ್ಲ. ಕೆಂಪು ಸಿಲಿಕಾನ್ ಪೇಸ್ಟ್ ಅಲ್ಲಿ ನಿಲ್ಲದು. ಅದು ತಡೆಯುವುದು 300 ಡಿಗ್ರಿಯ ಆಸುಪಾಸು, ಪೋರ್ಟಿನ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಬೆಂಡ್ ಪೈಪೂ ಸೈಲೆನ್ಸರೂ ಸೇರುವ ಜಾಗಕ್ಕೆ ಎಕ್ಸಾಸ್ಟ್ ಪೇಸ್ಟ್ ತೆಳುವಾಗಿ ಸವರಿದರೆ ಸಾಕು.

ಬಿಗಿ ಮಾಡುವ ಕ್ರಮದಲ್ಲಿ ಅವಸರ ಬೇಡ. ಮೊದಲು ಎಲ್ಲ ನಟ್ಟು ಬೋಲ್ಟುಗಳನ್ನೂ ಕೈಯಲ್ಲೇ ಹಿಡಿಸಿ, ಪೈಪು ತಾನಾಗಿ ಎಲ್ಲಿ ಕೂರುತ್ತದೆ ನೋಡಿ. ಆಮೇಲೆ ಹೆಡ್ಡಿನ ಎರಡು ನಟ್ಟುಗಳನ್ನು ಅರ್ಧ ಅರ್ಧ ಸುತ್ತಿನಂತೆ ಸಮವಾಗಿ ಬಿಗಿಸಿ. 6 ಎಂಎಂ ಸ್ಟಡ್ಡಿಗೆ 10 ನ್ಯೂಟನ್ ಮೀಟರ್, 8 ಎಂಎಂಗೆ 20ರ ಆಸುಪಾಸು ಸಾಕು. ನಂತರ ಫ್ರೇಮಿನ ಬ್ರಾಕೆಟ್, ಆಮೇಲೆ ಕ್ಲಾಂಪ್, ಕೊನೆಗೆ ಹಿಂದಿನ ಬೋಲ್ಟ್. ಹಿಂದಿನ ತೂತು 4 ಎಂಎಂ ದೂರವಿದ್ದರೆ 4 ಎಂಎಂ ವಾಷರ್ ಅಥವಾ ಬುಷ್ ತುಂಬಿ. ಬೋಲ್ಟಿನ ಬಲದಿಂದ ಎಳೆದು ಕೂರಿಸಿದರೆ ಆ ಎಳೆತ ಹಗಲಿರುಳು ಹೆಡ್ಡಿನ ಸ್ಟಡ್ಡಿನ ಮೇಲೆ, ವೆಲ್ಡಿನ ಮೇಲೆ ಇರುತ್ತದೆ. ಮೂಡಿಗೆರೆ ಕಡೆಯ ತೋಟದ ಹೊಂಡದ ರಸ್ತೆಗೆ ಬಿದ್ದ ಮೇಲೆ ಬ್ರಾಕೆಟ್ ಸೀಳುವುದು ಹೀಗೆಯೇ. ಹಿಂದಿನ ರಬ್ಬರ್ ಬುಷ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ಬಹಳಷ್ಟು ಜನ ಮರೆಯುವುದು ಮೇನ್ ಸ್ಟ್ಯಾಂಡ್. ಎಷ್ಟೋ ಬೈಕುಗಳಲ್ಲಿ ಮಡಿಸಿದ ಸ್ಟ್ಯಾಂಡ್ ಬಂದು ತಾಗುವ ರಬ್ಬರ್ ಸೈಲೆನ್ಸರಿಗೇ ಇರುತ್ತದೆ. ಹೊರಗಿನಿಂದ ತಂದ ಸೈಲೆನ್ಸರಿನಲ್ಲಿ ಆ ಜಾಗವೇ ಇಲ್ಲದಿದ್ದರೆ ಸ್ಟ್ಯಾಂಡ್ ಇನ್ನೂ ಮೇಲೆ ಹೋಗಿ ಚೈನಿಗೋ ಸ್ವಿಂಗ್ ಆರ್ಮಿಗೋ ಬಡಿಯುತ್ತದೆ. ತಡೆಯೊಂದನ್ನು ವೆಲ್ಡ್ ಮಾಡಿಸಿಯೇ ಗಾಡಿ ಹೊರಗೆ ತನ್ನಿ. ಇಬ್ಬರನ್ನು ಕೂರಿಸಿ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಏನಾದರೂ ತಾಗುತ್ತದೆಯೇ, ಕಿಕ್ಕರ್ ಪೂರ್ತಿ ಇಳಿಯುತ್ತದೆಯೇ, ಹಿಂದಿನ ಆಕ್ಸಲ್ ನಟ್ಟಿಗೆ ಸ್ಪ್ಯಾನರ್ ಹೋಗುತ್ತದೆಯೇ ನೋಡಿ. ಕೊನೆಯದನ್ನು ನೋಡದಿದ್ದರೆ ಪಂಕ್ಚರ್ ಆದ ದಿನ ಸೈಲೆನ್ಸರ್ ಬಿಚ್ಚಿಯೇ ಚಕ್ರ ತೆಗೆಯಬೇಕಾಗುತ್ತದೆ.

ಸ್ಟಾರ್ಟ್ ಮಾಡುವ ಮುನ್ನ ಕ್ರೋಮ್ ಪೂರ್ತಿ ಒರೆಸಿ, ಬೆರಳ ಎಣ್ಣೆಯ ಗುರುತು ಒಮ್ಮೆ ಸುಟ್ಟರೆ ಶಾಶ್ವತ. ಐದು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು ಎಲ್ಲವನ್ನೂ ಇನ್ನೊಮ್ಮೆ ಬಿಗಿಸಿ. ಸೋರಿಕೆ ನೋಡಲು ಇಂಜಿನ್ ಮತ್ತೆ ಸ್ಟಾರ್ಟ್ ಮಾಡಿ ದಪ್ಪ ಬಟ್ಟೆಯಿಂದ ಹಿಂದಿನ ಬಾಯಿಯನ್ನು ಎರಡು ಕ್ಷಣ ಒತ್ತಿ ಹಿಡಿಯಿರಿ. ಹೆಡ್ಡಿನ ಬಳಿ ಚಸ್ ಚಸ್ ಎಂದರೆ ಪ್ಯಾಕಿಂಗ್ ಕೂತಿಲ್ಲ. ಆಕ್ಸಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುವುದಕ್ಕೂ ಹೆಚ್ಚಾಗಿ ಇದೇ ಕಾರಣ. ಸೋರುವ ಸಂದಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಉರಿಯದೆ ಉಳಿದ ಪೆಟ್ರೋಲ್ ಪೈಪಿನಲ್ಲಿ ಹೊತ್ತಿಕೊಳ್ಳುತ್ತದೆ. ಇದನ್ನು ಸರಿಮಾಡದೆ ಜೆಟ್ ಮುಟ್ಟಿದರೆ ಟ್ಯೂನಿಂಗ್ ಎಂದೂ ಮುಗಿಯುವುದಿಲ್ಲ.

ಇನ್ನು ಕಾರ್ಬುರೇಟರ್. ಮೊದಲು ಏರ್ ಫಿಲ್ಟರ್ ಶುಚಿಯಾಗಿರಲಿ, ವಾಲ್ವಿನ ಸಂದು, ಅಂದರೆ ಟ್ಯಾಪೆಟ್, ಸರಿಯಿರಲಿ. ಕಾಸ್ಟ್ ಐರನ್ ಬುಲೆಟ್‌ನಲ್ಲಿ ಇಂಜಿನ್ ತಣ್ಣಗಿದ್ದಾಗ, ವಾಲ್ವು ಮುಚ್ಚಿರುವಾಗ, ಅದನ್ನು ತೆರೆಸುವ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಇಗ್ನಿಷನ್ನಿನ ಪಾಯಿಂಟ್ ಗ್ಯಾಪ್ 0.35ರಿಂದ 0.40 ಎಂಎಂ. ಇದಾದ ಮೇಲೆ ಇಂಜಿನ್ ಬಿಸಿ ಮಾಡಿ ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಅಲ್ಲಿಂದ ಅತ್ತಿತ್ತ ತಿರುಗಿಸುತ್ತ ಸ್ಲೋ ಸ್ಪೀಡ್ ಅತಿ ಹೆಚ್ಚು ಏರುವ ಜಾಗ ಹುಡುಕಿ. ಈ ಬಗೆಯ ಕಾರ್ಬುರೇಟರಿನಲ್ಲಿ ಸ್ಕ್ರೂ ಒಳಗೆ ಹೋದಷ್ಟೂ ರಿಚ್. ಒಳ್ಳೆಯ ಜಾಗ ಅರ್ಧ ಸುತ್ತಿಗೂ ಒಳಗೆ ಸಿಕ್ಕರೆ ಸ್ಲೋ ಸ್ಪೀಡಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಸಣ್ಣದು, ಎರಡೂವರೆ ಸುತ್ತು ದಾಟಿದರೆ ದೊಡ್ಡದು.

ಕಾಲು ಆಕ್ಸಲರೇಟರಿನಿಂದ ಮುಕ್ಕಾಲಿನವರೆಗೆ, ಕಾರ್ಬುರೇಟರಿನ ಸ್ಲೈಡಿಗೆ ಕ್ಲಿಪ್ಪಿನಲ್ಲಿ ತೂಗುವ ಸೂಜಿಯ, ಅಂದರೆ ನೀಡಲ್‌ನ ಆಳ್ವಿಕೆ. ನಡುವೆ ತಡವರಿಸಿದರೆ ಕ್ಲಿಪ್ಪನ್ನು ಒಂದು ಗೆರೆ ಕೆಳಗೆ ಹಾಕಿ. ಕ್ಲಿಪ್ ಕೆಳಗಿಳಿದರೆ ನೀಡಲ್ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಪೂರ್ತಿ ಆಕ್ಸಲರೇಟರಿನ ಪೆಟ್ರೋಲ್ ಕೊಡುವ ಮೇನ್ ಜೆಟ್ ಒಂದೊಂದೇ ನಂಬರ್ ಏರಿಸಿ, 90 ಇದ್ದರೆ 95, ಸಾಲದಿದ್ದರೆ 100. ತಂತಿ ಆಡಿಸಿ ತೂತು ದೊಡ್ಡದು ಮಾಡಿದ ಜೆಟ್ಟಿಗೆ ನಂಬರೇ ಇರುವುದಿಲ್ಲ, ಮುಂದಿನ ಮೆಕ್ಯಾನಿಕ್‌ಗೆ ಯಾವ ಲೆಕ್ಕವೂ ಸಿಗುವುದಿಲ್ಲ.

ಮೇನ್ ಜೆಟ್ ಪರೀಕ್ಷೆಯನ್ನು ಊರಿನಲ್ಲಿ ಮುಗಿಸಬೇಡಿ. ಶಿರಾಡಿಯಲ್ಲಾದರೆ ಗುಂಡ್ಯದಿಂದ ಮಾರನಹಳ್ಳಿ ಕಡೆಗೆ, ಚಾರ್ಮಾಡಿಯಲ್ಲಾದರೆ ಬುಡದಿಂದ ಕೊಟ್ಟಿಗೆಹಾರದ ಕಡೆಗೆ, ವಾಹನ ಕಡಿಮೆ ಇರುವ ಹೊತ್ತಿನಲ್ಲಿ ಹತ್ತುತ್ತ ನೋಡಿ. ಏರಿನಲ್ಲಿ ವೇಗ ಹೆಚ್ಚದೆ ಇಂಜಿನ್ ಮೇಲೆ ಭಾರ ಬೀಳುತ್ತದೆ. ಪೂರ್ತಿ ಆಕ್ಸಲರೇಟರಿನಿಂದ ಒಂದಿಷ್ಟೇ ಇಳಿಸಿದಾಗ ಗಾಡಿ ಒಮ್ಮೆ ಚುರುಕಾದರೆ ಮೇನ್ ಜೆಟ್ ಇನ್ನೂ ಸಣ್ಣದು. ಮಂಕಾದರೆ ಸಾಕಷ್ಟಿದೆ. ಹೊಸ ಪ್ಲಗ್ ಹಾಕಿ, ಹತ್ತು ಸೆಕೆಂಡು ಪೂರ್ತಿ ಎಳೆಸಿ, ಕ್ಲಚ್ ಹಿಡಿದು ಆಗಲೇ ಇಂಜಿನ್ ಆರಿಸಿ ಬದಿಗೆ ನಿಲ್ಲಿಸಿ ಪ್ಲಗ್ ನೋಡಿ. ಪಿಂಗಾಣಿ ಬೆಳ್ಳಗೆ, ಸಣ್ಣ ಚುಕ್ಕೆಗಳಿದ್ದರೆ ಲೀನ್. ಕಪ್ಪು ಮಸಿ ಇದ್ದರೆ ರಿಚ್. ಎಥನಾಲ್ ಪೆಟ್ರೋಲಿನಲ್ಲಿ ಬಣ್ಣ ಹಿಂದಿನಷ್ಟು ಗಾಢವಾಗಿ ಬರುವುದಿಲ್ಲ, ಹಾಗಾಗಿ ಪಿಂಗಾಣಿಯ ತುದಿ ಬಿಟ್ಟು ಬುಡದ ಉಂಗುರ ನೋಡಿ. ಬುಡಕ್ಕೆ ಸರಿಯಾದ ಜೆಟ್ ಹಾಕಿದ ಗಾಡಿ 1900 ಮೀಟರ್‌ಗೂ ಎತ್ತರದ ಮುಳ್ಳಯ್ಯನಗಿರಿ ಹತ್ತುವಾಗ ಸ್ವಲ್ಪ ಮಂಕಾಗುತ್ತದೆ, ಕಪ್ಪು ಹೊಗೆಯೂ ಬರಬಹುದು. ಅಷ್ಟನ್ನು ಸಹಿಸಿಕೊಳ್ಳಬೇಕು. ರಿಚ್ ಆದರೆ ಹೋಗುವುದು ಪೆಟ್ರೋಲ್, ಲೀನ್ ಆದರೆ ಹೋಗುವುದು ಪಿಸ್ಟನ್.

ಎಮಿಷನ್ ಪರೀಕ್ಷೆಯ ಚೀಟಿ ಟ್ಯೂನಿಂಗಿಗೂ ಉಪಯೋಗ. ಕಾರ್ಬನ್ ಮಾನಾಕ್ಸೈಡ್ ಮಿತಿ 2000ದ ಮಾರ್ಚ್‌ವರೆಗಿನ ಬೈಕಿಗೆ ಶೇ. 4.5, ಆಮೇಲಿನ ಹಳೆಯವಕ್ಕೆ 3.5. ಆದರೆ ಅದು ಸ್ಲೋ ಸ್ಪೀಡಿನ ಲೆಕ್ಕ ಮಾತ್ರ, ಮೇನ್ ಜೆಟ್ ಬಗ್ಗೆ ಏನೂ ಹೇಳುವುದಿಲ್ಲ.

ಟೂ ಸ್ಟ್ರೋಕಿನಲ್ಲಿ ಸೈಲೆನ್ಸರ್ ಇಂಜಿನ್ನಿನದೇ ಒಂದು ಭಾಗ. ಹೊಗೆಯ ಒತ್ತಡದ ಅಲೆ ಸೈಲೆನ್ಸರಿನ ಹಿಂದಿನ ಕಿರಿದಾಗುವ ಭಾಗಕ್ಕೆ, ಅಂದರೆ ಕೋನಿಗೆ, ಬಡಿದು ಮರಳಿ ಬಂದು, ಪೋರ್ಟಿನಿಂದ ಹೊರಗೆ ಜಾರುತ್ತಿರುವ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ತಳ್ಳುತ್ತದೆ. ಪೈಪಿನ ಉದ್ದ, ಕೋನಿನ ಇಳಿಜಾರು ಎಲ್ಲವೂ ಇಂತಿಷ್ಟು ವೇಗಕ್ಕೆಂದು ಲೆಕ್ಕ ಹಾಕಿದ್ದು. 98 ಸಿಸಿಯ ಆರ್‌ಎಕ್ಸ್ 100 ತನ್ನ 11 ಅಶ್ವಶಕ್ತಿಯನ್ನು 7500 ಆರ್‌ಪಿಎಂನಲ್ಲಿ ಕೊಡುವುದರಲ್ಲಿ ಆ ಪೈಪಿನ ಪಾಲು ದೊಡ್ಡದು. ಬ್ಯಾಫಲ್ ಕಿತ್ತರೆ, ಹಿಂದಿನ ತುದಿ ಕತ್ತರಿಸಿದರೆ ಸದ್ದು ಹೆಚ್ಚುತ್ತದೆ, ಕೆಳಗಿನ ಗೇರಿನ ಎಳೆತ ಸಾಯುತ್ತದೆ. ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುವ ಯೆಜ್ಡಿಯಲ್ಲಿ ಇನ್ನೊಂದು ಅಪಾಯ: ಜೆಟ್ ಸಣ್ಣದಾದಷ್ಟೂ ಎಣ್ಣೆಯೂ ಕಡಿಮೆ. ಚಾರ್ಮಾಡಿ ಇಳಿಯುವಾಗ ಆಕ್ಸಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ತಡೆದರೆ ಪಿಸ್ಟನ್‌ಗೆ ಎಣ್ಣೆಯೇ ಸಿಗುವುದಿಲ್ಲ. ತಿರುವು ತಿರುವಿಗೂ ಕ್ಲಚ್ ಹಿಡಿದು ಒಂದೆರಡು ಬಾರಿ ಆಕ್ಸಲರೇಟರ್ ಕೊಡುತ್ತಿರಿ.

ಸೈಲೆನ್ಸರಿನ ಕೆಳಭಾಗದಲ್ಲಿ ನೀರು ಇಳಿಯುವ ಸಣ್ಣ ತೂತು ಇದೆಯೇ ನೋಡಿ. ಉರಿದ ಪೆಟ್ರೋಲಿನಲ್ಲೇ ನೀರಿನಾವಿ ಇರುತ್ತದೆ, ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಅದು ಆರುವಷ್ಟು ಬಿಸಿಯೇ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಮಳೆಗಿಂತ ಈ ಒಳಗಿನ ನೀರೇ ತಗಡನ್ನು ಹೆಚ್ಚು ತಿನ್ನುತ್ತದೆ. ತೂತು ಇಲ್ಲದಿದ್ದರೆ ಅತಿ ತಗ್ಗಿನ ಜಾಗದಲ್ಲಿ 3 ಎಂಎಂ ಬಿಟ್ಟಿನಿಂದ ಒಂದು ಕೊರೆಯಿರಿ, ಇದ್ದರೆ ತಿಂಗಳಿಗೊಮ್ಮೆ ತಂತಿ ಆಡಿಸಿ. ಬಿಚ್ಚಿದ ಮೂಲ ಸೈಲೆನ್ಸರ್ ಗುಜರಿಗೆ ಹಾಕಬೇಡಿ. ಒಳಗೆ ಸ್ವಲ್ಪ ಇಂಜಿನ್ ಆಯಿಲ್ ಸುರಿದು ಎಲ್ಲ ಕಡೆ ಹರಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.